ಅಂಕಪತ್ರವೂ ಅದರ ನೆಲೆಯೂ

ಶಾಸನವನ್ನು ಓದತೊಡಗುವವರು ಮೊದಲು ಅದು ದೊರೆತ ಸ್ಥಳವನ್ನು ವಿಚಾರಿಸುವರು. ಮಸ್ಕಿಯ ಬಂಡೆಯ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೆಂಬ ಬಿರುದಿನ ದೊರೆಯು ಅಶೋಕನೇ ಎಂಬುದು ಅದರ ಅಕ್ಷರಗಳಿಂದ ಸ್ಥಿರಪಟ್ಟಿತು. ಆತನ ಮಾತು ಕೃಷ್ಣಾ ತುಂಗಭದ್ರೆಗಳ ನಡುವಣ ನೆಲದವರೆಗೆ ಮುಟ್ಟಿತ್ತೆಂಬುದು ಅದು ಇದ್ದ ಸ್ಥಳದಿಂದ ತಿಳಿಯಿತು. ಆ ಸೀಮೆಯ ಗೊರೇಬಾಳದಂತಹ ಊರಿನಿಂದ ಕಾಲೇಜಿಗೆ ಹೊರಡುವ ವಿದ್ಯಾರ್ಥಿಯ ಕೈಯಲ್ಲಿರುವ ಅಂಕಪತ್ರವೂ ಒಂದು ಲೇಖವೇ ಆಗಿದೆ. ಅದನ್ನು ಪರಿಶೀಲಿಸುವವರು ಅದರ ನೆಲೆಯನ್ನು, ಎಂದರೆ ಆತನು ಓದಿದ ಶಾಲೆಯ ಸ್ಥಿತಿಗತಿಗಳನ್ನು, ಎಷ್ಟರ ಮಟ್ಟಿಗೆ ಗಣನೆಗೆ ತಂದುಕೊಂಡಿದ್ದಾರೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಪೂರ್ವಕಾಲದಲ್ಲಿ ಈ ಪ್ರಶ್ನೆಗೆ ಅವಕಾಶವು ಅಲ್ಪವಾಗಿತ್ತು. ನಾಲಂದೆಯ ದ್ವಾರದಲ್ಲಿ ಬಂದವರನ್ನು ಪ್ರಶ್ನಿಸಿ ಹತ್ತರಲ್ಲಿ ಏಳೆಂಟು ಮಂದಿಯನ್ನು ಹಿಂದಿರುಗಿಸುತ್ತಿದ್ದರೆಂದು 7ನೆಯ ಶತಮಾನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ತಿಳಿಸಿದ್ದಾನೆ. ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿಯೂ, ಯಾರಲ್ಲಿ ಎಲ್ಲಿಯವರೆಗೆ ಪಾಠವಾಯಿತೆಂದು ಕೇಳಿ, ನಾಲ್ಕು ಪಂಕ್ತಿಗಳಿಗೆ ಅನ್ವಯ ಹೇಳಿಸಿ, ಯೋಗ್ಯತೆಯನ್ನು ನಿಶ್ಚಯಿಸುವುದು ವಾಡಿಕೆ. ವಿದ್ಯಾರ್ಥಿಯು ಎದುರಿಗಿರುತ್ತಿದ್ದನು, ಗುರುವಿನ ಹೆಸರು ಅವನ ನೆಲೆಯನ್ನು ತಿಳಿಸುತ್ತಿತ್ತು. ವಿದ್ಯಾರ್ಥಿಯನ್ನು ಕಾಣದೆಯೇ ತೀರ್ಪು ಕೊಡುವ ಪದ್ಧತಿ ಬಂದ ಮೇಲೆ ಕಾಗದವೇ ಮಾತನಾಡಬೇಕಾಯಿತು.

ಈ ಕಾಗದವು ಎಲ್ಲೆಡೆಯಲ್ಲಿಯೂ ಒಂದೇ ಬಗೆಯದಾಗಿರಲಿಲ್ಲ. ತುಂಗಭದ್ರೆಯ ತೆಂಕಣ ದಡದ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಬಳಕೆಗೆ ಬಂದ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಸರ್ಕಾರಿ ಪರೀಕ್ಷೆಯ ಅಂಕಗಳೊಡನೆ ಶಾಲೆಯು ಕೊಟ್ಟ ಅಂಕಗಳೂ ನಮೂದಾಗುತ್ತಿದ್ದುವು. ಒಂದು ದಿನದ ಪರೀಕ್ಷೆಯಿಂದಲೇ ವಿದ್ಯಾರ್ಥಿಯನ್ನು ಅಳೆಯಬಾರದೆಂಬ ವಿವೇಕವು ಅದರಲ್ಲಿತ್ತು.

ಬಡಗಣ ದಡದ ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದಿತು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನಭಾಷೆಯನ್ನಾಗಿ ಮಾಡಿಕೊಂಡಿತು. ಅದೇ ಹೈದರಾಬಾದು ನಗರದ ನಿಜಾಮ್ ಕಾಲೇಜು 1947ರವರೆಗೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿ ಇಂಗ್ಲಿಷಿನಲ್ಲಿ ಬೋಧಿಸುತ್ತಿತ್ತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟುದು ಉಸ್ಮಾನಿಯಾದ ಹಿರಿಮೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನು ಉರ್ದುವಿನಲ್ಲಿ ಉತ್ತರ ಬರೆದು ಪಡೆದ ಅಂಕಗಳಲ್ಲಿ ವಿಷಯಜ್ಞಾನವೆಷ್ಟು, ಭಾಷಾಪರಿಚಯವೆಷ್ಟು ಎಂಬುದನ್ನು ಕಾಗದವನ್ನು ನೋಡಿ ಬೇರ್ಪಡಿಸುವಂತಿರಲಿಲ್ಲ.

1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗ, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಬೇರೆಬೇರೆ ಆಡಳಿತಗಳಲ್ಲಿ ಬೆಳೆದ ಶಾಲೆಗಳ ಮಕ್ಕಳು ಅಂದಿನಿಂದ ಒಂದೇ ರಾಜ್ಯದ ವೈದ್ಯಕೀಯ ಕಾಲೇಜುಗಳ ಬಾಗಿಲಲ್ಲಿ ನಿಂತರು. ಆ ಕಾಲೇಜುಗಳ ಸ್ಥಾನಗಳಲ್ಲಿ ಬಹುಭಾಗವನ್ನು ಆಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೇ ಕೊಟ್ಟು, ಶೇಕಡಾ 20ನ್ನು ಮೀರದಂತೆ ಹೊರಗಿನವರನ್ನು ಸೇರಿಸಿಕೊಳ್ಳಬಹುದೆಂಬ ನಿಯಮವನ್ನು ರಾಜ್ಯವು ಮಾಡಿತು. ಚಂಚಲಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ಇದನ್ನು ಎತ್ತಿಹಿಡಿಯಿತು. ಮೂರು ವಿಶ್ವವಿದ್ಯಾನಿಲಯಗಳ ಪಾಠಕ್ರಮವೂ ಪರೀಕ್ಷೆಯ ಮಟ್ಟವೂ ಒಂದೇ ಅಲ್ಲವಾದ್ದರಿಂದ ಅವುಗಳ ಅಂಕಗಳನ್ನು ನೇರವಾಗಿ ಹೋಲಿಸಲಾಗದೆಂಬುದು ಅಲ್ಲಿ ಪರಿಗಣಿತವಾದ ಕಾರಣಗಳಲ್ಲೊಂದು. ಅಂಕಕ್ಕೆ ನೆಲೆಯುಂಟೆಂಬುದು ಹೀಗೆ ನ್ಯಾಯಾಲಯದಲ್ಲಿಯೂ ಅಂಗೀಕೃತವಾಯಿತು.

ಆದರೆ ನೆಲೆಯೆಂದರೆ ಊರಿನ ಹೆಸರು ಮಾತ್ರವೇ? ಮದರಾಸು ರಾಜ್ಯವು ಜಿಲ್ಲಾವಾರು ಹಂಚಿದ ಸ್ಥಾನಗಳನ್ನು ಅದೇ ನ್ಯಾಯಾಲಯವು 1968ರಲ್ಲಿ ರದ್ದುಪಡಿಸಿತ್ತು. ಉತ್ತರಪ್ರದೇಶದ ಪ್ರದೀಪ ಟಂಡನ್ ಮೊಕದ್ದಮೆಯಲ್ಲಿ, 1974ರಲ್ಲಿ, ಗ್ರಾಮವಾಸಿಗಳೆಂಬ ಮಾತ್ರಕ್ಕೆ ಕೊಟ್ಟ ಮೀಸಲನ್ನು ತಳ್ಳಿಹಾಕಿ, ಗುಡ್ಡಗಾಡಿನವರಿಗೆ ಕೊಟ್ಟುದನ್ನು ಒಪ್ಪಿತು. ವಿದ್ಯಾಸೌಕರ್ಯದ ಅಭಾವವೇ ಅಲ್ಲಿ ಆಧಾರ. ಇವೆರಡರಿಂದ ನಿಷ್ಪನ್ನವಾಗುವ ಸೂತ್ರವೇನೆಂದರೆ, ಸ್ಥಳವು ಸೌಕರ್ಯದ ಸೂಚಕವಾದಾಗ ಮಾತ್ರ ಪ್ರಮಾಣ.

1994ರಿಂದ ನಡೆಯುತ್ತ ಬಂದಿರುವ ರಾಜ್ಯದ ಸಾಮಾನ್ಯ ಪ್ರವೇಶಪರೀಕ್ಷೆಯ ವ್ಯವಸ್ಥೆಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸ್ಥಾನಗಳು ಮೀಸಲಾದುವು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಸೇರಿ, 2013ರ ಆಜ್ಞೆಯಂತೆ ಈ ವಿಭಾಗದ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳು ಸ್ಥಳೀಯರಿಗೆ ದೊರೆತುವು. ಈ ವಿಭಾಗದ ಹಿಂದುಳಿದಿರುವಿಕೆ ಕಲ್ಪಿತವಲ್ಲ. 2002ರ ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು.

ಇಷ್ಟಾದರೂ ಶಾಲೆಯು ಪರಿಶೀಲಕರ ಕಣ್ಣಿಗೆ ಬೀಳಲಿಲ್ಲ. 371ಜೆ ಪಟ್ಟಿಯಲ್ಲಿ ಪಟ್ಟಣದ ಸುಸಜ್ಜಿತ ಶಾಲೆಯ ಬಾಲಕನೂ ಗೊರೇಬಾಳ ಸೀಮೆಯ ಹಳ್ಳಿಯ ಬಾಲಕಿಯೂ ಸಮಾನಸ್ಥಳೀಯರು. ಗ್ರಾಮೀಣ ಮೀಸಲು ಅವರಿಬ್ಬರನ್ನು ಬೇರ್ಪಡಿಸಿದರೂ, ಗಣಿತದ ಉಪಾಧ್ಯಾಯರಿದ್ದ ಹಳ್ಳಿಯನ್ನೂ ಇಲ್ಲದ ಹಳ್ಳಿಯನ್ನೂ ಬೇರ್ಪಡಿಸಲಾರದು.

ಪರೀಕ್ಷೆಯು ಎಲ್ಲರಿಗೂ ಒಂದೇ ಆಗಿರುವಾಗ ಈ ಶೋಧನೆ ಏತಕ್ಕೆಂದು ಪೂರ್ವಪಕ್ಷಿಯು ಕೇಳಬಹುದು. ಪ್ರಶ್ನಪತ್ರಿಕೆಯು ಒಂದಾದ ಮಾತ್ರಕ್ಕೆ ಸಿದ್ಧತೆಯು ಒಂದಾಗದು. ಉಪಾಧ್ಯಾಯರಿಲ್ಲದೆ ಗಳಿಸಿದ 70 ಅಂಕವೂ ಮನೆಪಾಠದ ಬಲದಿಂದ ಗಳಿಸಿದ 70 ಅಂಕವೂ ಒಂದೇ ಶಕ್ತಿಯನ್ನು ಸೂಚಿಸುವುದಿಲ್ಲ. ಪರಿಶೀಲಕರಿಗೆ ವಿವೇಚನೆಯನ್ನು ಬಿಟ್ಟರೆ ಪಕ್ಷಪಾತಕ್ಕೆ ದಾರಿಯಾಗುವುದೆಂಬ ಎರಡನೆಯ ಆಕ್ಷೇಪವು ಬಲವಾದದ್ದು. ಸಂದರ್ಶನಕ್ಕೆ ಹೆಚ್ಚು ಅಂಕಗಳನ್ನಿಡುವುದು ಸಲ್ಲದೆಂದು 1980ರ ಅಜಯ ಹಾಸಿಯಾ ತೀರ್ಪು ಹೇಳಿದುದೂ ಈ ಭಯದಿಂದಲೇ. ಇದಕ್ಕೆ ಪರಿಹಾರವೆಂದರೆ ನೆಲೆಯನ್ನು ಬಾಯಿಮಾತಿಗೆ ಬಿಡದೆ ಬರಹಕ್ಕೆ ತರುವುದು. ಅಮೆರಿಕದ ಹೈಸ್ಕೂಲುಗಳು ಅಂಕಪತ್ರದೊಡನೆ ಶಾಲೆಯ ಪರಿಚಯಪತ್ರವನ್ನೂ ಕಾಲೇಜಿಗೆ ಕಳುಹಿಸುತ್ತವೆ. ಯಾವ ವಿಷಯಗಳನ್ನು ಬೋಧಿಸಲಾಗುತ್ತದೆ, ಅಂಕ ಕೊಡುವ ಕ್ರಮವೇನು ಎಂಬ ವಿವರಗಳು ಅದರಲ್ಲಿರುತ್ತವೆ. ಟೆಕ್ಸಾಸ್ ಸಂಸ್ಥಾನವು 1997ರಲ್ಲಿ ಇನ್ನೂ ಮುಂದೆ ಹೋಗಿ, ತನ್ನ ತನ್ನ ಶಾಲೆಯಲ್ಲಿ ಮೊದಲ ಹತ್ತನೆಯ ಒಂದು ಪಾಲಿನಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾನಿಲಯಗಳ ಪ್ರವೇಶವನ್ನು ಕಾಯಿದೆಯಿಂದ ಕೊಟ್ಟಿತು. ಇದರಲ್ಲಿ ಪರಿಶೀಲಕರ ಇಚ್ಛೆಗೆ ಎಡೆಯಿಲ್ಲ.

ನಮ್ಮಲ್ಲಿಯೂ ಅಂಕಪತ್ರದ ಹಿಂಬದಿಯಲ್ಲಿ ಆ ವರ್ಷ ಶಾಲೆಯಲ್ಲಿದ್ದ ಉಪಾಧ್ಯಾಯರ ಸಂಖ್ಯೆ, ಬೋಧನೆಯಿಲ್ಲದೆ ಕಳೆದ ವಿಷಯ, ಪ್ರಯೋಗಶಾಲೆಯ ಇರವು, ಶಾಲೆಯಲ್ಲಿ ವಿದ್ಯಾರ್ಥಿಯ ಸ್ಥಾನ, ಈ ನಾಲ್ಕು ಸಂಗತಿಗಳನ್ನು ಮುದ್ರಿಸುವುದು ಅಸಾಧ್ಯವೇನೂ ಅಲ್ಲ. ಮಸ್ಕಿಯ ಕಲ್ಲಿಗೆ ನಾವು ಸಲ್ಲಿಸಿದ ನ್ಯಾಯವನ್ನು ಅದೇ ಸೀಮೆಯ ಮಕ್ಕಳ ಅಂಕಪತ್ರಕ್ಕೂ ಸಲ್ಲಿಸುವುದು ಯುಕ್ತ.