ಹೆಬ್ಬೆರಳು ಕಲಿತ ಗುರಿ

1999ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಒಂದು ಹೊಸ ಆಟವನ್ನು ಪರಿಚಯಿಸಿದರು. ಷಿಕಾಗೋದ ಬಂಜೀ ಎಂಬ ಕಂಪನಿ ಅದನ್ನು ತಯಾರಿಸುತ್ತಿತ್ತು. ಬಾಹ್ಯಾಕಾಶದಲ್ಲಿ ತೇಲುವ ಉಂಗುರದಂಥ ಒಂದು ಕೃತಕ ಲೋಕ, ಅದರ ಮೇಲೆ ಮನುಷ್ಯರಿಗೂ ಅನ್ಯಗ್ರಹದವರಿಗೂ ಯುದ್ಧ. ಆಟದ ಹೆಸರು ಹೇಲೊ. ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಬರುತ್ತದೆ ಎಂದು ಅಂದು ಘೋಷಣೆಯಾಯಿತು. ವರ್ಷ ತುಂಬುವ ಮೊದಲೇ, 2000ದ ಜೂನ್‌ನಲ್ಲಿ, ಮೈಕ್ರೋಸಾಫ್ಟ್ ಬಂಜೀಯನ್ನೇ ಕೊಂಡುಕೊಂಡಿತು. 2001ರ ನವೆಂಬರ್ 15ರಂದು ಹೇಲೊ ಬಿಡುಗಡೆಯಾದಾಗ ಅದು ಸಿಕ್ಕಿದ್ದು ಎಕ್ಸ್‌ಬಾಕ್ಸ್ ಎಂಬ ಹೊಸ ಕನ್ಸೋಲಿನಲ್ಲಿ ಮಾತ್ರ. ಕಂಪ್ಯೂಟರಿನ ಮುಂದೆ ಕೂತು ಕಾದವರಿಗೆ ಅದು ಕೈಗೆ ಬಂದದ್ದು ಇನ್ನೂ ಎರಡು ವರ್ಷ ಕಳೆದು, 2003ರ ಸೆಪ್ಟೆಂಬರ್‌ನಲ್ಲಿ.

ತಮಗೆ ಬರಬೇಕಿದ್ದ ಆಟ ಪಕ್ಕದ ಮನೆಗೆ ಹೋಯಿತು ಎಂಬ ಸಿಟ್ಟು ಪಿಸಿ ಆಟಗಾರರಿಗಿತ್ತು. ಆ ಸಿಟ್ಟಿನ ಕೆಳಗೆ ಒಂದು ಹಳೆಯ ತಾತ್ಸಾರವೂ ಇತ್ತು: ಗುರಿಯಿಟ್ಟು ಸುಡುವ ಆಟವನ್ನು ಎರಡು ಹೆಬ್ಬೆರಳಿನಲ್ಲಿ ಆಡುವುದು ಒಂದು ಆಟವೇ? ವಿಚಿತ್ರವೆಂದರೆ, ಎಕ್ಸ್‌ಬಾಕ್ಸಿನ ಒಳಗಿದ್ದದ್ದು ಹೆಚ್ಚು ಕಡಿಮೆ ಪಿಸಿಯೇ. ಇಂಟೆಲ್‌ನ 733 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ, ಒಂದು ಹಾರ್ಡ್ ಡಿಸ್ಕ್. ಜಗಳ ಯಂತ್ರದ್ದಾಗಿರಲಿಲ್ಲ, ಕೈಯದಾಗಿತ್ತು.

ಪಿಸಿಯ ಕೈಗೂ ಈ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. 1993ರ ಡಿಸೆಂಬರ್‌ನಲ್ಲಿ ಡೂಮ್ ಬಂದಾಗ ಅನೇಕರು ಅದನ್ನು ಬರೀ ಕೀಬೋರ್ಡಿನಲ್ಲಿ ಆಡಿದರು. ಮಂಗಳನ ಉಪಗ್ರಹಗಳಲ್ಲಿ ನಡೆಯುವ ಆ ಆಟದಲ್ಲಿ ತಲೆಯೆತ್ತಿ ನೋಡುವ ಸೌಕರ್ಯವೇ ಇರಲಿಲ್ಲ. ರಾಕ್ಷಸ ಮೇಲಿನ ಕಟ್ಟೆಯ ಮೇಲೆ ನಿಂತಿದ್ದರೆ ಆಟಗಾರ ಆ ದಿಕ್ಕಿಗೆ ತಿರುಗಿದರೆ ಸಾಕು, ಗುಂಡನ್ನು ಮೇಲಕ್ಕೋ ಕೆಳಕ್ಕೋ ಒಯ್ಯುವ ಕೆಲಸವನ್ನು ಆಟವೇ ಮಾಡುತ್ತಿತ್ತು. ಗುರಿಗೆ ಯಂತ್ರದ ನೆರವು ಎಂಬುದು ಕನ್ಸೋಲಿನವರು ತಂದ ಕೇಡು ಎಂದು ಮುಂದೆ ಬೈದವರು ಈ ಸಂಗತಿಯನ್ನು ನೆನೆಯುವುದು ಕಡಿಮೆ. ಅದು ಪಿಸಿಯ ತವರಿನಲ್ಲೇ ಇತ್ತು.

ಬದಲಾವಣೆ ತಂದದ್ದು ಮುಂದಿನ ಮೂರು ವರ್ಷ. 1994ರಲ್ಲಿ ಇದೇ ಬಂಜೀ ಮ್ಯಾಕ್‌ಗೆಂದು ಮ್ಯಾರಥಾನ್ ಎಂಬ ಆಟ ಮಾಡಿತು. ಅದರಲ್ಲಿ ಮೇಲೆ ಕೆಳಗೆ ನೋಡಬಹುದಿತ್ತು. 1996ರ ಕ್ವೇಕ್‌ನಲ್ಲಿ ಇಡೀ ಲೋಕ ಮೂರು ಆಯಾಮದ್ದಾಯಿತು. ಎಡಗೈ ಕೀಬೋರ್ಡಿನ ಡಬ್ಲ್ಯೂ, ಎ, ಎಸ್, ಡಿ ಅಕ್ಷರಗಳ ಮೇಲೆ, ಬಲಗೈ ಮೌಸಿನ ಮೇಲೆ ಎಂಬ ಭಂಗಿ ಹರಡಲು ಮುಖ್ಯ ಕಾರಣನಾದವನು ಥ್ರೆಷ್ ಎಂಬ ಅಡ್ಡಹೆಸರಿನ ಡೆನಿಸ್ ಫಾಂಗ್. 1997ರ ಕ್ವೇಕ್ ಪಂದ್ಯಾವಳಿಯೊಂದರಲ್ಲಿ ಗೆದ್ದು, ಆಟದ ನಿರ್ಮಾತೃಗಳಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಮನೆಗೆ ಒಯ್ದ. ಅವನ ಕೈ ಇಟ್ಟ ಜಾಗದಲ್ಲೇ ಪಿಸಿ ಲೋಕ ಇವತ್ತಿಗೂ ಕೈ ಇಡುತ್ತದೆ.

ಮೌಸ್ ಯಾಕೆ ಗೆದ್ದಿತು? ಮೇಜಿನ ಮೇಲೆ ಮೌಸನ್ನು ಎರಡು ಅಂಗುಲ ಸರಿಸಿದರೆ ಆಟದ ಕಣ್ಣು ಅದಕ್ಕೆ ತಕ್ಕಷ್ಟೇ ತಿರುಗಿ ನಿಲ್ಲುತ್ತದೆ. ಕೈ ನಿಂತಲ್ಲಿ ನೋಟ ನಿಲ್ಲುತ್ತದೆ. ಕಂಟ್ರೋಲರಿನ ಸ್ಟಿಕ್ ಹಾಗಲ್ಲ. ಅದನ್ನು ಬಲಕ್ಕೆ ವಾಲಿಸಿದರೆ ನೋಟ ಬಲಕ್ಕೆ ತಿರುಗತೊಡಗುತ್ತದೆ, ಬಿಡುವವರೆಗೂ ತಿರುಗುತ್ತಲೇ ಇರುತ್ತದೆ. ಹೆಬ್ಬೆರಳು ಹೇಳುವುದು ಎಲ್ಲಿಗೆ ಎಂದಲ್ಲ, ಎಷ್ಟು ವೇಗವಾಗಿ ಎಂದು. ಎಲ್ಲಿ ನಿಲ್ಲಬೇಕೆಂಬುದನ್ನು ಬಿಡುವ ಕ್ಷಣದಿಂದ ಅಂದಾಜು ಮಾಡಬೇಕು. ಗೋಡೆಯ ಮೇಲಿನ ಚುಕ್ಕೆಯನ್ನು ಬೆರಳಿಟ್ಟು ತೋರಿಸುವುದಕ್ಕೂ, ಉರುಳುವ ಗಾಡಿಯನ್ನು ಸರಿಯಾಗಿ ಆ ಚುಕ್ಕೆಯೆದುರು ನಿಲ್ಲಿಸುವುದಕ್ಕೂ ಇರುವಷ್ಟು ವ್ಯತ್ಯಾಸ ಇದು. ಜೊತೆಗೆ, ಮೌಸಿನ ಹಿಂದೆ ಮಣಿಕಟ್ಟು, ಮೊಣಕೈ, ಇಡೀ ತೋಳು ಇರುತ್ತದೆ. ಸ್ಟಿಕ್ಕಿನ ಹಿಂದೆ ಒಂದು ಹೆಬ್ಬೆರಳು, ಅದಕ್ಕೆ ಓಡಾಡಲು ಒಂದೆರಡು ಸೆಂಟಿಮೀಟರ್.

ಕುಣಿಯಲು ಬಾರದವರು ನೆಲ ಡೊಂಕು ಅಂದರಂತೆ ಎಂದು ಪಿಸಿಯವರು ನಕ್ಕದ್ದುಂಟು. ಆದರೆ ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು.

ಆ ನೆಲವನ್ನು ಸಮ ಮಾಡುವ ಪ್ರಯತ್ನಗಳು ಹೇಲೊಗಿಂತ ಮೊದಲೇ ನಡೆದಿದ್ದವು. 1996ರಲ್ಲಿ ಬಂದ ನಿಂಟೆಂಡೊ 64ರ ಕಂಟ್ರೋಲರಿನಲ್ಲಿದ್ದದ್ದು ಒಂದೇ ಸ್ಟಿಕ್. 1997ರಲ್ಲಿ ಸೋನಿ ಎರಡು ಸ್ಟಿಕ್ಕಿನ ಕಂಟ್ರೋಲರ್ ತಂದಿತು. 2000ದಲ್ಲಿ ಪ್ಲೇಸ್ಟೇಷನ್ನಿಗೆ ಬಂದ ಏಲಿಯನ್ ರೆಸರೆಕ್ಷನ್ ಎಂಬ ಆಟ ಎಡ ಸ್ಟಿಕ್ಕಿನಲ್ಲಿ ನಡಿಗೆ, ಬಲ ಸ್ಟಿಕ್ಕಿನಲ್ಲಿ ನೋಟ ಎಂಬ ಹಂಚಿಕೆ ಮಾಡಿತು. ಇಂದು ಕನ್ಸೋಲಿನ ಪ್ರತಿ ಶೂಟರಿನಲ್ಲೂ ಇರುವುದು ಅದೇ ಹಂಚಿಕೆ. ಆದರೆ ಆಗಿನ ಒಂದು ಹೆಸರಾಂತ ವಿಮರ್ಶೆ, ಆಟದಲ್ಲಿ ಎಲ್ಲಕ್ಕಿಂತ ಭಯಾನಕವಾದದ್ದು ಈ ನಿಯಂತ್ರಣ ಕ್ರಮವೇ ಎಂದು ಗೇಲಿ ಮಾಡಿತು. ಹೊಸ ಭಂಗಿ ಮೊದಲ ಸಲ ಯಾರ ಮೈಗೂ ಒಗ್ಗುವುದಿಲ್ಲ.

ಹೇಲೊ ಮಾಡಿದ ಕೆಲಸ ಬೇರೆ. ಎರಡು ಸ್ಟಿಕ್ಕುಗಳನ್ನು ಕೊಟ್ಟು ಸುಮ್ಮನಾಗದೆ, ಆಟವನ್ನೇ ಹೆಬ್ಬೆರಳಿನ ಅಳತೆಗೆ ಹೊಲಿಯಿತು. ಗುರಿಚಿಹ್ನೆ ಶತ್ರುವಿನ ಮೇಲೆ ಹಾಯುವಾಗ ತಿರುಗುವ ವೇಗ ತುಸು ಇಳಿಯುತ್ತದೆ. ಶತ್ರು ಸರಿದರೆ ನೋಟವೂ ಅವನೊಡನೆ ಕೂದಲೆಳೆಯಷ್ಟು ಸರಿಯುತ್ತದೆ. ಗುಂಡು ಒಂಚೂರು ತಪ್ಪಿದ್ದರೆ ಅದನ್ನು ಗುರಿಯ ಕಡೆಗೆ ಬಾಗಿಸುತ್ತದೆ. ಇಷ್ಟನ್ನೂ ಆಟಗಾರನಿಗೆ ತಿಳಿಯದ ಹಾಗೆ ಮಾಡುತ್ತದೆ. ತಿಳಿದರೆ ಗೆದ್ದ ಸುಖವೇ ಹೋಗುತ್ತದಲ್ಲ. ಡೂಮ್‌ನಲ್ಲಿ ಅಂಕಿಗಳ ಕೀಲಿ ಒತ್ತಿ ಹಲವು ಬಂದೂಕುಗಳ ನಡುವೆ ಆರಿಸಬೇಕಿತ್ತು. ಇಲ್ಲಿ ಎರಡೇ ಬಂದೂಕು, ಬದಲಾಯಿಸಲು ಒಂದೇ ಗುಂಡಿ. ಕೈಬಾಂಬಿಗೆ ಬೇರೆಯದೇ ಗುಂಡಿ. ಪೆಟ್ಟು ಬಿದ್ದರೆ ಬಂಡೆಯ ಮರೆಗೆ ಹೋಗಿ ಕೆಲವು ಸೆಕೆಂಡು ನಿಂತರೆ ರಕ್ಷಾಕವಚ ತಾನೇ ತುಂಬಿಕೊಳ್ಳುತ್ತದೆ. ಹೆಬ್ಬೆರಳಿಗೆ ಉಸಿರಾಡಲು ಬಿಡುವು ಬೇಕೆಂದು ಕೊಟ್ಟಂತಿದ್ದ ಈ ಏರ್ಪಾಡು ಎಷ್ಟು ಹಿಡಿಸಿತೆಂದರೆ, ಮುಂದೆ ಮೌಸಿಗೆಂದೇ ಮಾಡಿದ ಆಟಗಳಲ್ಲೂ ಆಟಗಾರರು ಮರೆಯಲ್ಲಿ ನಿಂತು ಸುಧಾರಿಸಿಕೊಳ್ಳತೊಡಗಿದರು.

ಕೈ ಬದಲಾದಂತೆ ಕೋಣೆಯೂ ಬದಲಾಯಿತು. ಪಿಸಿ ಎಂದರೆ ಮೇಜು, ಕುರ್ಚಿ, ಒಬ್ಬ ಮನುಷ್ಯ. ಹೇಲೊದಲ್ಲಿ ನಾಲ್ವರು ಒಂದೇ ಟಿವಿಯ ಪರದೆಯನ್ನು ನಾಲ್ಕು ಪಾಲು ಮಾಡಿಕೊಂಡು ಆಡಬಹುದಿತ್ತು. ನಾಲ್ಕು ಎಕ್ಸ್‌ಬಾಕ್ಸ್‌ಗಳನ್ನು ಕೇಬಲ್ಲಿನಲ್ಲಿ ಜೋಡಿಸಿದರೆ ಹದಿನಾರು ಜನ. ಸೋತವನ ಮುಖ ಪಕ್ಕದಲ್ಲೇ ಕಾಣುತ್ತಿತ್ತು. ಎಲ್ಲರ ಕೈಯಲ್ಲೂ ಒಂದೇ ಬಗೆಯ ಕಂಟ್ರೋಲರ್ ಇದ್ದುದರಿಂದ ಎಲ್ಲರಿಗೂ ಒಂದೇ ಬಗೆಯ ಗುಟ್ಟಿನ ನೆರವು. ನ್ಯಾಯದ ಪ್ರಶ್ನೆ ಏಳಲಿಲ್ಲ.

ಅದು ಏಳುವುದು ಎರಡು ಕೈಗಳೂ ಒಂದೇ ಅಂಗಳಕ್ಕೆ ಇಳಿದಾಗ. 2000ದಲ್ಲೇ ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲಿನ ಕ್ವೇಕ್ 3 ಆಟಗಾರರು ಪಿಸಿಯವರೊಡನೆ ಆಡಬಹುದಿತ್ತು. ಆ ಕನ್ಸೋಲಿಗೂ ಮೌಸ್, ಕೀಬೋರ್ಡ್ ಸಿಗುತ್ತಿದ್ದವು. ಇಲ್ಲದವರ ಗತಿ ಹೇಳಬೇಕಿಲ್ಲ. 2007ರಲ್ಲಿ ಮೈಕ್ರೋಸಾಫ್ಟ್ ತನ್ನ ಷ್ಯಾಡೋರನ್ ಆಟದಲ್ಲಿ ಎಕ್ಸ್‌ಬಾಕ್ಸ್ 360 ಮತ್ತು ವಿಂಡೋಸ್ ವಿಸ್ಟಾದವರನ್ನು ಎದುರುಬದುರು ನಿಲ್ಲಿಸಿತು. ಆದರೆ ಅದೇ ವರ್ಷ ಬಂದ ಹೇಲೊ 3 ಕನ್ಸೋಲಿನ ಅಂಗಳ ದಾಟಲಿಲ್ಲ. ಎರಡು ಕೇರಿಗಳ ನಡುವಿನ ಗೋಡೆ ಬಹುಕಾಲ ನಿಂತೇ ಇತ್ತು. ಗೆಳೆಯನೊಬ್ಬ ಕನ್ಸೋಲ್ ಕೊಂಡು ಇನ್ನೊಬ್ಬ ಪಿಸಿ ಕೊಂಡರೆ, ಇಬ್ಬರೂ ಒಂದೇ ಆಟ ಆಡಿದರೂ ಜೊತೆಯಾಗಿ ಆಡುವಂತಿರಲಿಲ್ಲ.

ಹೇಲೊ ಹುಟ್ಟಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ, 2021ರ ನವೆಂಬರ್ 15ರಂದು, ಹೇಲೊ ಇನ್ಫಿನಿಟ್‌ನ ಬಹುಜನರ ಆಟ ತೆರೆಯಿತು. ಅದು ಉಚಿತ, ಎಕ್ಸ್‌ಬಾಕ್ಸ್ ಮತ್ತು ಪಿಸಿ ಎರಡಕ್ಕೂ ಒಂದೇ ಅಂಗಳ. ಈ ಸಲ ದೂರು ಬಂದದ್ದು ಎದುರು ದಿಕ್ಕಿನಿಂದ. ಕಂಟ್ರೋಲರಿಗೆ ಆಟ ಕೊಡುವ ನೆರವು ಅತಿಯಾಯಿತು, ಮೌಸಿಗೆ ಅನ್ಯಾಯವಾಗುತ್ತಿದೆ ಎಂದರು ಮೌಸಿನವರು. ಕುಂಟುವವನಿಗೆಂದು ಕೊಟ್ಟ ಊರುಗೋಲು ಓಡುವವನನ್ನೇ ಹಿಂದೆ ಹಾಕಿತ್ತು. ಹೇಲೊವನ್ನು ವೃತ್ತಿಯಾಗಿ ಆಡುವವರು ಪಿಸಿಯೆದುರು ಕೂತಾಗಲೂ ಹಿಡಿಯುವುದು ಕಂಟ್ರೋಲರನ್ನೇ. ಶ್ರೇಯಾಂಕದ ಪಂದ್ಯಗಳಲ್ಲಿ ಎಲ್ಲರೂ ಬೆರೆಯುವ ಸಾಲಿನ ಜೊತೆಗೆ, ಒಬ್ಬಂಟಿಗರಿಗೂ ಜೋಡಿಗಳಿಗೂ ಕಂಟ್ರೋಲರಿನವರದೇ ಒಂದು ಸಾಲು, ಮೌಸಿನವರದೇ ಇನ್ನೊಂದು ಸಾಲು ಏರ್ಪಟ್ಟಿತು. ಗಮನಿಸಬೇಕಾದ್ದು ಇದು: ಆ ಸಾಲುಗಳು ಕನ್ಸೋಲ್ ಮತ್ತು ಪಿಸಿ ಎಂದು ಒಡೆಯಲಿಲ್ಲ. ಕೈಯಲ್ಲಿ ಏನಿದೆ ಎಂಬುದರ ಮೇಲೆ ಒಡೆದವು. ಇಪ್ಪತ್ತು ವರ್ಷ ಯಂತ್ರದ ಹೆಸರಿನಲ್ಲಿ ನಡೆದ ಜಗಳ ಕೊನೆಗೆ ತನ್ನ ನಿಜವಾದ ಹೆಸರನ್ನು ಒಪ್ಪಿಕೊಂಡಂತಾಯಿತು.

ನೆರವಿಲ್ಲದ ಶುದ್ಧ ಆಟ ಎಂಬುದೊಂದು ಹಿಂದೆ ಇತ್ತು ಎಂದು ಇಂದಿಗೂ ವಾದಿಸುವವರಿದ್ದಾರೆ. ಡೂಮ್‌ನ ಗುಂಡು ತಾನಾಗಿಯೇ ಕಟ್ಟೆಯೇರಿದ್ದನ್ನು ಕಂಡವರಿಗೆ ಆ ಮಾತು ನಂಬಲು ಕಷ್ಟ. ಪ್ರತಿ ಆಟವೂ ಯಾವುದೋ ಒಂದು ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತನ್ನ ನೆಲ ಹಾಸುತ್ತದೆ. ತನಗೆಂದೇ ಹಾಸಿದ ನೆಲದ ಮೇಲೆ ಕುಣಿಯುವವರಿಗೆ ಅದು ಯಾವಾಗಲೂ ಸಮವಾಗಿಯೇ ಕಾಣುತ್ತದೆ. ಅದರ ಡೊಂಕು ತಿಳಿಯಬೇಕಾದರೆ ಇನ್ನೊಬ್ಬರ ಕೈಯಲ್ಲಿರುವುದನ್ನು ಇಸಿದುಕೊಂಡು ಒಂದು ಸಂಜೆ ಆಡಿ ನೋಡಬೇಕು.