ಹೆಸರು ಕೇಳಿ ಹೆದರಿದವರು: ಡೈಹೈಡ್ರೋಜನ್ ಮೊನಾಕ್ಸೈಡ್ ಕಥೆ

ಒಂದು ರಾಸಾಯನಿಕದ ಗುಣಗಳನ್ನು ನೋಡೋಣ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶಕ್ಕೆ ಹೊಕ್ಕರೆ ಸಾವು ಬರಬಹುದು. ಅದರ ಆವಿ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಆಮ್ಲಮಳೆಯಲ್ಲಿ ಬಹುಪಾಲು ಇರುವುದು ಅದೇ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಹಸಿರುಮನೆ ಪರಿಣಾಮವನ್ನು ಹೆಚ್ಚಿಸುತ್ತದೆ. ಕ್ಯಾನ್ಸರ್ ಗಡ್ಡೆಗಳಲ್ಲೂ ಕಂಡುಬಂದಿದೆ. ಇದರ ಹೆಸರು ಡೈಹೈಡ್ರೋಜನ್ ಮೊನಾಕ್ಸೈಡ್. ಇದನ್ನು ನಿಷೇಧಿಸಬೇಕೆ?

ಹೆಸರನ್ನು ಬಿಡಿಸಿ ಓದಿದರೆ ಗುಟ್ಟು ರಟ್ಟಾಗುತ್ತದೆ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಅಂದರೆ ನೀರು! ವಿಶೇಷವೆಂದರೆ, ಮೇಲಿನ ಪಟ್ಟಿಯಲ್ಲಿ ಒಂದು ಸುಳ್ಳೂ ಇಲ್ಲ.

ತಮಾಷೆಯ ಚರಿತ್ರೆ

ಅಮೆರಿಕದ ಮಿಷಿಗನ್ ರಾಜ್ಯದ ಡ್ಯುರಾಂಡ್ ಎಂಬ ಊರಿನ ವಾರಪತ್ರಿಕೆಯೊಂದು 1983ರ ಏಪ್ರಿಲ್ 1ರಂದು ಒಂದು ಸುದ್ದಿ ಪ್ರಕಟಿಸಿತು. ಊರಿನ ನೀರಿನ ಕೊಳವೆಗಳಲ್ಲಿ 'ಡೈಹೈಡ್ರೋಜನ್ ಆಕ್ಸೈಡ್' ಪತ್ತೆಯಾಗಿದೆ ಎಂಬುದೇ ಆ ಸುದ್ದಿ. ಅದು ಮೂರ್ಖರ ದಿನದ ವಿನೋದ. ಸುಮಾರು 1990ರಲ್ಲಿ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಇಂಥದೇ ಕರಪತ್ರಗಳು ಹರಿದಾಡಿದವು. ಈಗ ಪ್ರಚಲಿತವಾಗಿರುವ ಹೆಸರು ಜನಪ್ರಿಯವಾದದ್ದು ಆಗಲೇ.

ತಮಾಷೆಯನ್ನು ಪ್ರಯೋಗವಾಗಿಸಿದವನು ಇಡಾಹೊ ರಾಜ್ಯದ 14 ವರ್ಷದ ವಿದ್ಯಾರ್ಥಿ. 1997ರಲ್ಲಿ ಆತ ತನ್ನ ಶಾಲೆಯ 50 ವಿದ್ಯಾರ್ಥಿಗಳಿಗೆ ಈ ಪಟ್ಟಿಯನ್ನು ಓದಲು ಕೊಟ್ಟು ಅಭಿಪ್ರಾಯ ಕೇಳಿದ. 43 ಮಂದಿ ನಿಷೇಧಿಸಬೇಕೆಂದರು. 6 ಮಂದಿ ತೀರ್ಮಾನಕ್ಕೆ ಬರಲಿಲ್ಲ. ನೀರೆಂದು ಗುರುತಿಸಿದ್ದು ಒಬ್ಬನೇ ವಿದ್ಯಾರ್ಥಿ. ಈ ಪ್ರಯೋಗಕ್ಕೆ ಸ್ಥಳೀಯ ವಿಜ್ಞಾನ ಮೇಳದಲ್ಲಿ ಮೊದಲ ಬಹುಮಾನ ಬಂದಿತು.

ಮಕ್ಕಳು ಮಾತ್ರ ಮೋಸಹೋದರೆನ್ನುವಂತಿಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಅಲಿಸೊ ವಿಯೆಹೊ ನಗರಸಭೆಯ ಮುಂದೆ ಫೋಮ್ ಲೋಟಗಳನ್ನು ನಿಷೇಧಿಸುವ ಪ್ರಸ್ತಾವ ಬಂದಿತು. ಅವುಗಳ ತಯಾರಿಕೆಯಲ್ಲಿ ಡೈಹೈಡ್ರೋಜನ್ ಮೊನಾಕ್ಸೈಡ್ ಬಳಸುತ್ತಾರೆಂಬುದೂ ಅದಕ್ಕೊಂದು ಕಾರಣವಾಗಿತ್ತು! ನಿಜ ತಿಳಿದ ಮೇಲೆ ಪ್ರಸ್ತಾವವನ್ನು ಕೈಬಿಡಲಾಯಿತು. 2007ರಲ್ಲಿ ನ್ಯೂಜಿಲೆಂಡಿನ ಸಂಸತ್ ಸದಸ್ಯರೊಬ್ಬರು ಇದರ ನಿಷೇಧದ ಬಗ್ಗೆ ವಿಚಾರಿಸಿ ಸಚಿವರಿಗೆ ಪತ್ರವನ್ನೇ ಬರೆದರು.

ಲವಾಸಿಯೆ ಮತ್ತು ಅವನ ಮೂವರು ಸಹೋದ್ಯೋಗಿಗಳು 1787ರಲ್ಲಿ ರಾಸಾಯನಿಕಗಳಿಗೆ ಕ್ರಮಬದ್ಧ ಹೆಸರಿಡುವ ಪದ್ಧತಿಯನ್ನು ಮಂಡಿಸಿದ್ದು, ಹೆಸರಿನಿಂದಲೇ ವಸ್ತುವಿನ ರಚನೆ ತಿಳಿಯಲಿ ಎಂದು. ಹೈಡ್ರೋಜನ್ ಎಂದರೆ 'ನೀರನ್ನು ಹುಟ್ಟಿಸುವುದು' ಎಂದೇ ಅರ್ಥ. ತಿಳಿಸಲೆಂದು ಹುಟ್ಟಿದ ಭಾಷೆಯೇ ಇಲ್ಲಿ ಮರೆಮಾಚುವ ಪರದೆಯಾಯಿತು.

ಸತ್ಯದಿಂದಲೇ ಸುಳ್ಳು

ಪಟ್ಟಿಯಲ್ಲಿ ಸುಳ್ಳಿಲ್ಲದಿದ್ದರೆ ಮೋಸ ಎಲ್ಲಿದೆ? ಬಿಟ್ಟುಹೋದ ಮಾತುಗಳಲ್ಲಿದೆ. ಆವಿ ಚರ್ಮವನ್ನು ಸುಡುವುದು ನಿಜ. ಒಂದು ಕಿಲೋಗ್ರಾಂ ಹಬೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾಗುವಾಗ ಸುಮಾರು 2260 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆದರೆ ಅದು ತಾಪದ ಸ್ಥಿತಿಗೆ ಸೇರಿದ ಗುಣ, ಲೋಟದಲ್ಲಿರುವ ತಣ್ಣೀರಿನದಲ್ಲ. ಶ್ವಾಸಕೋಶಕ್ಕೆ ನೀರು ಹೊಕ್ಕರೆ ಅಪಾಯ, ಜಠರಕ್ಕೆ ಹೋದರೆ ಜೀವನ. ಇಲ್ಲಿ ದಾರಿ ಮುಖ್ಯ. ಕ್ಯಾನ್ಸರ್ ಗಡ್ಡೆಯಲ್ಲಿ ನೀರಿದೆ, ಆರೋಗ್ಯವಂತ ಅಂಗಾಂಶದಲ್ಲೂ ಇದೆ. ಹೋಲಿಕೆಯಿಲ್ಲದೆ 'ಕಂಡುಬಂದಿದೆ' ಎಂದರೆ ಅದು ಕಾರಣವಾಗುವುದಿಲ್ಲ. ಪ್ರಮಾಣ, ದಾರಿ, ಸ್ಥಿತಿ, ಹೋಲಿಕೆ ಈ ನಾಲ್ಕನ್ನೂ ಕಿತ್ತುಹಾಕಿದರೆ ಯಾವ ವಸ್ತುವನ್ನಾದರೂ ವಿಷವೆಂದು ತೋರಿಸಬಹುದು.

ಇದು ಬರೀ ನಗೆಯ ವಿಷಯವಲ್ಲ. 2019ರಲ್ಲಿ ನಮ್ಮ ದೇಶದಲ್ಲಿ 'ಅಡುಗೆ ಉಪ್ಪಿನಲ್ಲಿ ಸಯನೈಡ್' ಎಂಬ ಸುದ್ದಿ ಹರಡಿ ಜನರನ್ನು ಗಾಬರಿಗೊಳಿಸಿತು. ಉಪ್ಪು ಗಂಟುಕಟ್ಟದಿರಲೆಂದು ಬೆರೆಸುವ ಪೊಟ್ಯಾಸಿಯಂ ಫೆರೊಸಯನೈಡ್ ಇದರ ಮೂಲ. ಇದರಲ್ಲಿ ಸಯನೈಡ್ ಗುಂಪುಗಳು ಕಬ್ಬಿಣಕ್ಕೆ ಬಿಗಿಯಾಗಿ ಬಂಧಿತವಾಗಿರುತ್ತವೆ, ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಭಾರತದಲ್ಲಿ ಇದರ ಮಿತಿ ಕಿಲೋಗ್ರಾಂ ಉಪ್ಪಿಗೆ 10 ಮಿಲಿಗ್ರಾಂ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆಗ ಸ್ಪಷ್ಟಪಡಿಸಿತು. ಈಗ ಲೆಕ್ಕ ಹಾಕಿ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ ದೇಹಕ್ಕೆ ಸೇರುವುದು ಹೆಚ್ಚೆಂದರೆ 0.1 ಮಿಲಿಗ್ರಾಂ. ಅಂತಾರಾಷ್ಟ್ರೀಯ ತಜ್ಞರ ಸಮಿತಿ ಫೆರೊಸಯನೈಡ್‌ಗೆ ನಿಗದಿಪಡಿಸಿದ ದೈನಂದಿನ ಮಿತಿ ದೇಹತೂಕದ ಕಿಲೋಗ್ರಾಂಗೆ 0.025 ಮಿಲಿಗ್ರಾಂ. 60 ಕಿಲೋಗ್ರಾಂ ತೂಕದವರಿಗೆ ಅದು 1.5 ಮಿಲಿಗ್ರಾಂ, ಅಂದರೆ ಹದಿನೈದು ಪಟ್ಟು.

ನಾಣ್ಯದ ಇನ್ನೊಂದು ಮುಖ

ಹಾಗಾದರೆ ರಾಸಾಯನಿಕಗಳ ಬಗೆಗಿನ ಎಚ್ಚರಿಕೆಗಳೆಲ್ಲ ಹಾಸ್ಯಾಸ್ಪದವೆ? ಅಲ್ಲ. ಚರಿತ್ರೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 1923ರಲ್ಲಿ ಅಮೆರಿಕದಲ್ಲಿ ಟೆಟ್ರಾಈಥೈಲ್ ಸೀಸ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂದಿತು. ಅದರ ವ್ಯಾಪಾರನಾಮ ಬರೀ 'ಈಥೈಲ್'. ವಿಷಕಾರಿ ಎಂದು ಬಹುಕಾಲದಿಂದ ತಿಳಿದಿದ್ದ ಸೀಸದ ಹೆಸರೇ ಅದರಲ್ಲಿರಲಿಲ್ಲ! ಮರುವರ್ಷವೇ ನ್ಯೂಜೆರ್ಸಿಯ ತಯಾರಿಕಾ ಘಟಕವೊಂದರಲ್ಲಿ ಐವರು ಕಾರ್ಮಿಕರು ಸೀಸದ ವಿಷದಿಂದ ಸತ್ತರು. ಆದರೂ ಮಾರಾಟ ಮುಂದುವರಿಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ವಾಹನಗಳಲ್ಲಿ ಇದರ ಬಳಕೆ ಜಗತ್ತಿನಿಂದ ಪೂರ್ತಿ ಮರೆಯಾದದ್ದು 2021ರಲ್ಲಿ. ಕಠಿಣ ಹೆಸರಿಗೆ ಹೆದರುವ ಮನಸ್ಸೇ ಹಿತವಾದ ಹೆಸರಿಗೆ ಮರುಳಾಗುತ್ತದೆ. ಎರಡು ಕಡೆಯೂ ಪರೀಕ್ಷೆಗೆ ಒಳಪಡಬೇಕಾದದ್ದು ಹೆಸರಲ್ಲ, ಪ್ರಮಾಣ ಮತ್ತು ಪುರಾವೆ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಪ್ರಯೋಗಿಸಿ ನೋಡಬಹುದು. ಆದರೆ 'ಮೋಸಹೋದಿರಿ' ಎಂದು ನಕ್ಕು ಅಲ್ಲಿಗೇ ಮುಗಿಸಬಾರದು. ಪಟ್ಟಿಯ ಪ್ರತಿ ವಾಕ್ಯದ ಎದುರು ವಿದ್ಯಾರ್ಥಿಗಳಿಂದಲೇ ಪ್ರಶ್ನೆ ಬರೆಸಬೇಕು: ಎಷ್ಟು? ಯಾವ ದಾರಿಯಿಂದ? ಯಾವ ಸ್ಥಿತಿಯಲ್ಲಿ? ಯಾವುದಕ್ಕೆ ಹೋಲಿಸಿದರೆ? ಅನಂತರ ದಿನಪತ್ರಿಕೆಯ ಒಂದು ಆರೋಗ್ಯ ಸುದ್ದಿಯನ್ನೂ ಒಂದು ಜಾಹೀರಾತನ್ನೂ ಕೊಟ್ಟು ಅವೇ ಪ್ರಶ್ನೆಗಳನ್ನು ಕೇಳಿಸಬೇಕು. ಸೂತ್ರ ಮರೆತರೆ ಪುಸ್ತಕದಲ್ಲಿ ಸಿಗುತ್ತದೆ. ಪ್ರಶ್ನಿಸುವ ಅಭ್ಯಾಸವನ್ನು ಮಾತ್ರ ತರಗತಿಯಲ್ಲೇ ಬೆಳೆಸಬೇಕು.