ಮಾವಿನ ಕೆಳಗಿನ ಕೊರವಂಜಿ

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ಕಾಲ ಬಂತೆಂದರೆ ಹಳೆಯ ಕಾಗದಕ್ಕೂ ಬೆಲೆ ಬರುತ್ತದೆ. ನೆಲಕ್ಕೆ ಕಾಗದ ಹಾಸಿ, ಮೇಲೆ ಹುಲ್ಲು ಹರಡಿ, ಕಾಯಿಗಳನ್ನು ಹಣ್ಣಿಗೆ ಹಾಕುತ್ತೇವೆ. ಅಪ್ಪ ತೀರಿಕೊಂಡ ವರ್ಷ ಅವರ ಟ್ರಂಕಿನಲ್ಲಿದ್ದ ಒಂದು ಕಟ್ಟನ್ನು ನಾನೇ ಬಿಚ್ಚಿ ಹಾಸಿದೆ. ಹಣ್ಣು ತೆಗೆಯುವಾಗ ನೋಡಿದರೆ, ರಸದಲ್ಲಿ ನೆನೆದ ಹಾಳೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಒಂದರ ಮೇಲೆ ಹೆಸರು ಮಾತ್ರ ಉಳಿದಿತ್ತು: ‘ಕೊರವಂಜಿ’.

ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ ಅದು. ಕಣಿ ಹೇಳುವವಳ ಹೆಸರು ಹೊತ್ತು, ನಗಿಸುತ್ತಲೇ ನಿಜ ನುಡಿಯಿತು. ನಾ. ಕಸ್ತೂರಿಯವರು ಅದಕ್ಕೆ ಬರೆದರು; ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿಯಾಗಿದ್ದಾಗಲೇ ಚಿತ್ರ ಬಿಡಿಸಿಕೊಟ್ಟರು. 1967ರಲ್ಲಿ ಪತ್ರಿಕೆ ನಿಂತಿತು. ನಾನಿನ್ನೂ ಹುಟ್ಟಿರಲಿಲ್ಲ.

ಕೋಲಾರ ಜಿಲ್ಲೆ ಕನ್ನಡ ಪತ್ರಿಕೆಗಳಿಗೆ ಇಬ್ಬರು ಗಂಭೀರ ಹಿರಿಯರನ್ನು ಕೊಟ್ಟಿದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ವನ್ನು ನಡೆಸಿದರು. ಈ ಇಬ್ಬರನ್ನು ನಾವು ಮರೆತಿಲ್ಲ, ಮರೆಯಲೂ ಬಾರದು. ಆದರೆ ಅದೇ ಕಾಲದಲ್ಲಿ ನಗುತ್ತಾ ಬಂದವಳನ್ನು ಮಾವಿನ ಕೆಳಗೆ ಹಾಸಿದೆವು.

ನಗೆಬರಹಕ್ಕೆ ಆಯುಸ್ಸು ಕಡಿಮೆ. ಅದು ಚುಚ್ಚಿದ ಸುದ್ದಿ ಮರೆತುಹೋದರೆ ನಗೆಯೂ ಹೋಯಿತು. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾಯರ ‘ಛೂಬಾಣ’ವನ್ನು ಅಪ್ಪ ಕಾಫಿಗೆ ಮೊದಲೇ ಓದುತ್ತಿದ್ದರಂತೆ. ಸುದ್ದಿ ಕೊಡುವ ಪತ್ರಿಕೆಯೇ ಸುದ್ದಿಯನ್ನು ಹಿಡಿದು ನಗುತ್ತಿತ್ತು.

ಇಂಗ್ಲೆಂಡಿನಲ್ಲಿರುವ ತಮ್ಮನ ಮಗಳು ಅಲ್ಲಿಯ ಕಥೆಯೊಂದನ್ನು ಹೇಳಿದಳು. 1988ರಲ್ಲಿ ಚಾನೆಲ್ 4ರಲ್ಲಿ ‘ದಿಸ್ ಈಸ್ ಡೇವಿಡ್ ಲ್ಯಾಂಡರ್’ ಎಂಬ ಅಣಕ ಕಾರ್ಯಕ್ರಮ ಬಂತು. ಹಗರಣ ಬಯಲಿಗೆಳೆಯುವ ತನಿಖಾ ವರದಿಗಾರನ ಪಾತ್ರ ಸ್ಟೀಫನ್ ಫ್ರೈ ಅವರದು. ಕ್ಯಾಮೆರಾ ಹಿಡಿದು ಬಾಗಿಲು ತಟ್ಟುವ ರೋಜರ್ ಕುಕ್ ಎಂಬ ವರದಿಗಾರ ಆಗ ಅಲ್ಲಿ ಮನೆಮಾತು. ಅಣಕ ಅಂಥ ಕಾರ್ಯಕ್ರಮಗಳದ್ದು. 1990ರಲ್ಲಿ ನಟನೂ ಬದಲಾದ, ಹೆಸರೂ ಬದಲಾಯಿತು. ಈಗ ಅಲ್ಲಿಯವರಿಗೇ ನೆನಪಿಲ್ಲವಂತೆ. ಊರು ಯಾವುದಾದರೇನು, ಅಣಕದ ಹಣೆಬರಹ ಒಂದೇ.

ಹೋದರೆ ಹೋಗಲಿ ಎನ್ನಬಹುದು. ಆದರೆ ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ, ಯಾರೋ ತಮಾಷೆಗೆ ಮಾಡಿದ ಸುಳ್ಳು ‘ತನಿಖಾ ವರದಿ’ಯನ್ನು ಫೋನಿನಲ್ಲಿ ನೋಡಿ ಬಂದು, ಗಾಬರಿಯಿಂದ ಇಡೀ ತರಗತಿಗೆ ಹೇಳಿದ. ಯಾರೂ ನಗಲಿಲ್ಲ. ಎಲ್ಲರೂ ನಂಬಿದರು. ನನಗೆ ಆ ಅಂಟಿದ ಹಾಳೆ ನೆನಪಾಯಿತು. ಅಣಕವನ್ನು ಅಣಕವೆಂದು ಗುರುತಿಸುವುದನ್ನು ಅಪ್ಪ ಓದಿ ಓದಿ ಕಲಿತಿದ್ದರು. ಆ ಓದನ್ನು ಈ ಮಕ್ಕಳ ಕೈಗೆ ಕೊಡಬೇಕಾದ ನಾನೇ ಅದನ್ನು ನೆಲಕ್ಕೆ ಹಾಸಿದ್ದೆ.

ಮರುದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ‘ನಮ್ಮ ತರಗತಿಯ ಸೀಮೆಸುಣ್ಣ ಎಲ್ಲಿ ಹೋಗುತ್ತಿದೆ?’ ಎಂಬ ಬಗ್ಗೆ ತನಿಖಾ ವರದಿ ಬರೆಯಬೇಕು, ನಗು ಬರುವಂತೆ. ಬರೆದರು ನೋಡಿ! ಅಂತೆಕಂತೆಗಳು, ಹೆಸರು ಹೇಳಲಿಚ್ಛಿಸದ ಕಪ್ಪುಹಲಗೆ, ಬೆಚ್ಚಿಬೀಳಿಸುವ ತಲೆಬರಹ. ಕಡೆಗೆ ಬೆರಳು ನನ್ನ ಕಡೆಗೇ ತಿರುಗಿತು.

ವಾರದ ನಂತರ ತರಗತಿಯಲ್ಲಿ ದಿನಪತ್ರಿಕೆ ಓದಿಸುತ್ತಿದ್ದೆ. ‘ಬಲ್ಲ ಮೂಲಗಳು ತಿಳಿಸಿವೆ’ ಎಂಬ ಸಾಲು ಬಂತು. ಅದೇ ಹುಡುಗ ಕೈ ಎತ್ತಿದ.

“ಯಾವ ಮೂಲ, ಮೇಡಂ?”